ಒಣ ಕಸದ ಗುತ್ತಿಗೆ ಮುಂದುವರಿಸಬೇಕಾ? ಅನುಭವ ಇದ್ದವರು ಹೇಳಿ

ಗೋಣಿಕೊಪ್ಪ ಕಡೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ ನಾನು. ಮನೆ ಬಾಗಿಲಿಂದ ಒಣ ಕಸ ಎತ್ತುವ ಗುತ್ತಿಗೆ ಮಾರ್ಚ್‌ಗೆ ಮುಗಿಯುತ್ತದೆ. ಇನ್ನೆರಡು ವರ್ಷ ಮುಂದುವರಿಸಿ, ದರ ಶೇ 15 ಏರಿಸಿ ಅಂತ ಈಗಿನ ಗುತ್ತಿಗೆದಾರರು ಪತ್ರ ಕೊಟ್ಟಿದ್ದಾರೆ. ದುಡ್ಡು ಟನ್ ಲೆಕ್ಕದಲ್ಲಿ. ಪೇಟೆಯಲ್ಲಿ ದೂರು ಕಡಿಮೆ. ತೋಟದ ಲೈನ್ ಮನೆಗಳ (ಕೂಲಿ ಕೆಲಸದವರ ಸಾಲು ಮನೆಗಳು) ಕಡೆ ಮಾತ್ರ ಚರಂಡಿ ತುಂಬಾ ಪ್ಲಾಸ್ಟಿಕ್. ಮುಂದಿನ ಸಭೆಗೆ ವಿಷಯ ಬರುತ್ತದೆ. ಕೈ ಎತ್ತುವ ಮೊದಲು ಏನೇನು ನೋಡಬೇಕು?

ನಿವೃತ್ತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಸೋಮವಾರಪೇಟೆ ತಾಲ್ಲೂಕು:

ಮೇಡಂ, ಮೊದಲು ಹಳೇ ಕರಾರು ಪತ್ರ ತರಿಸಿ ಓದಿ. ಅವಧಿ ವಿಸ್ತರಿಸಬಹುದು ಅನ್ನುವ ಷರತ್ತು ಇದೆಯಾ? ಇದ್ದರೆ ಎಷ್ಟು ತಿಂಗಳಿಗೆ, ಯಾವ ದರಕ್ಕೆ? ಅವರು ಪತ್ರ ಕೊಟ್ಟರು, ನಾವು ನಡಾವಳಿ ಬರೆದೆವು ಅಂದರೆ ಮುಗಿಯಲಿಲ್ಲ. ಟೆಂಡರ್ ಹೇಗೆ ಕರೆಯಬೇಕು ಅಂತ ಹೇಳುವ 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆ ಇದೆ. ಆಡಿಟ್‌ನಲ್ಲಿ ಆಕ್ಷೇಪಣೆ ಬಿದ್ದರೆ ಉತ್ತರ ಬರೆಯುವುದು ಪಂಚಾಯಿತಿ, ಗುತ್ತಿಗೆದಾರ ಅಲ್ಲ.

ಇನ್ನು ಆ ಟನ್ ಲೆಕ್ಕ. ನಾನಿದ್ದ ಒಂದು ಪಂಚಾಯಿತಿಯಲ್ಲೂ ಹಾಗೇ ಇತ್ತು. ಒಂದು ವರ್ಷ ಜುಲೈ ಬಿಲ್ಲು ಮೇಜಿಗೆ ಬಂತು. ಪ್ರವಾಸಿಗರಿಲ್ಲ, ಅಂಗಡಿ ಅರ್ಧ ಬಾಗಿಲು ಹಾಕಿವೆ, ಆದರೂ ಒಣ ಕಸದ ತೂಕ ಮೇ ತಿಂಗಳಿಗಿಂತ ಜಾಸ್ತಿ! ಮರುದಿನ ಗಾಡಿ ತೂಗುವ ವೇಬ್ರಿಡ್ಜ್ ಹತ್ತಿರ ಕೊಡೆ ಹಿಡಿದು ನಿಂತೆ. ಗಾಡಿಗೆ ಟಾರ್ಪಾಲೇ ಇಲ್ಲ. ಮೇಲಿದ್ದ ಒಂದು ರಟ್ಟಿನ ಪೆಟ್ಟಿಗೆ ಎತ್ತಿದರೆ ತಳ ಕಿತ್ತು ಕೈಗೆ ಬಂತು, ನೀರು ಮೊಣಕೈವರೆಗೆ ಇಳಿಯಿತು. ಅಷ್ಟು ದಿನ ನಾವು ಮಳೆಗೆ ಬಿಲ್ಲು ಪಾಸು ಮಾಡುತ್ತಿದ್ದೆವು. ನೆನೆದ ರಟ್ಟನ್ನು ಗುಜರಿಯವರು ಮುಟ್ಟುವುದಿಲ್ಲ, ಹಾಗಾಗಿ ತೂಕ ಆದ ಮೇಲೆ ಅದು ಹೋಗಿದ್ದು ಗುಂಡಿಗೇ. ಗುತ್ತಿಗೆದಾರನನ್ನು ಬೈದು ಏನು ಪ್ರಯೋಜನ, ಒದ್ದೆ ಆದಷ್ಟೂ ಲಾಭ ಅನ್ನುವ ಕರಾರು ಬರೆದವರು ನಾವೇ.

ಮುಂದಿನ ಸಲ ಮನೆ ಲೆಕ್ಕಕ್ಕೆ ಬದಲಾಯಿಸಿದೆವು. ಇಷ್ಟು ಮನೆಗೆ, ವಾರಕ್ಕೆ ಇಷ್ಟು ಸುತ್ತು, ತಪ್ಪಿದ ಸುತ್ತಿಗೆ ಇಷ್ಟು ಕಡಿತ. ಗಾಡಿಗೆ ಮುಚ್ಚಿಗೆ ಕಡ್ಡಾಯ. ತೂಕ ಬೇಕೇ ಬೇಕು, ಆದರೆ ನಮ್ಮ ಕಡೆಯ ತೂಕ ಅಲ್ಲ, ಮಾಲು ಕೊಂಡವರು ಕೊಟ್ಟ ತೂಕದ ಚೀಟಿ. ಅದಿಲ್ಲದೆ ಬಿಲ್ಲಿಲ್ಲ. ಮೊದಲ ಎರಡು ತಿಂಗಳು ಜಗಳ ಆಯಿತು, ಸುಳ್ಳು ಹೇಳುವುದಿಲ್ಲ.

ಸ್ವಸಹಾಯ ಸಂಘದವಳು, ವಿರಾಜಪೇಟೆ ತಾಲ್ಲೂಕು:

ಅಕ್ಕ, ನಾನು ಕಸದ ಗಾಡಿ ಓಡಿಸುವವಳು. ನಿಮ್ಮ ಲೈನ್ ಮನೆ ಕಥೆ ಗೊತ್ತಾಯಿತು. ಗಾಡಿ ಎಷ್ಟು ಗಂಟೆಗೆ ಹೋಗುತ್ತದೆ ಕೇಳಿ ನೋಡಿ. ಹತ್ತು ಗಂಟೆಗೆ ಹೋದರೆ ಅಲ್ಲಿ ಇರುವುದು ಬೀಗ ಮತ್ತು ನಾಯಿ. ಗಂಡ ಹೆಂಡತಿ ಇಬ್ಬರೂ ತೋಟದಲ್ಲಿ ಇರುತ್ತಾರೆ. ಗಾಡಿಯವನು ಹಾರ್ನ್ ಹೊಡೆದು ವಾಪಸ್ ಬಂದರೆ ಪುಸ್ತಕದಲ್ಲಿ ಸುತ್ತು ಆಯಿತು ಅಂತಲೇ ಲೆಕ್ಕ. ನಾವು ಭಾನುವಾರ ಬೆಳಿಗ್ಗೆ ಹೋಗುತ್ತೇವೆ. ದೊಡ್ಡ ತೋಟವಾದರೆ ರೈಟರ್ (ತೋಟದ ಲೆಕ್ಕ ನೋಡುವವರು) ಹತ್ತಿರ ಮಾತಾಡಿ ಲೈನಿನ ಕೊನೆಗೆ ಶೀಟ್ ಹೊದಿಸಿದ ಜಾಗ ಮಾಡಿಸಿದ್ದೇವೆ, ಚೀಲ ಅಲ್ಲಿ ತೂಗು ಹಾಕುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿಗೆ ಹೊರಗಿನ ಕೆಲಸದವರು ಬರುತ್ತಾರಲ್ಲ, ಆಗ ಒಂದು ಸುತ್ತು ಸಾಲದು. ಅದನ್ನೂ ಈಗಲೇ ಬರೆಸಿ.

ನಮ್ಮಂಥ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಕ್ಕೆ ಕೊಡೋಣ ಅಂತ ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೊಡಿ, ನಾವು ಮಾಡುತ್ತೇವೆ. ಆದರೆ ಹೆಂಗಸರು ಅಗ್ಗ ಅಂತ ಕೊಡಬೇಡಿ. ಗಾಡಿ ರಿಪೇರಿ, ಕೈಗವಸು, ಬೂಟು ಯಾರ ಖರ್ಚು? ಗುಜರಿ ಮಾರಿದ ದುಡ್ಡಲ್ಲೇ ಸಂಬಳ ನೋಡಿಕೊಳ್ಳಿ ಅಂದರೆ ಮೂರನೇ ತಿಂಗಳಿಗೆ ಯಾರೂ ಬರುವುದಿಲ್ಲ. ಮತ್ತೆ ಡೈಪರ್, ಪ್ಯಾಡ್ ಬೇರೆ ಕಟ್ಟಿ ಕೊಡಬೇಕು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ, ಅದನ್ನು ಮನೆಮನೆಗೆ ಹೇಳುವ ಕೆಲಸ ನಮ್ಮ ಮೇಲೊಂದೇ ಹಾಕಬೇಡಿ. ಸದಸ್ಯರು ಹೇಳಿದರೆ ಕೇಳುತ್ತಾರೆ.

ಗುಜರಿ ವ್ಯಾಪಾರಿ, ಕುಶಾಲನಗರ:

ಪೆಟ್ ಬಾಟಲಿ, ಒಣಗಿದ ರಟ್ಟು, ಕಬ್ಬಿಣ ನಾನೇ ಬಂದು ಒಯ್ಯುತ್ತೇನೆ. ಚಿಪ್ಸ್ ಪ್ಯಾಕೆಟ್, ಗುಟ್ಕಾ ಚೀಟಿ, ಶಾಂಪೂ ಸ್ಯಾಶೆ ಬಿಟ್ಟಿ ಕೊಟ್ಟರೂ ಬೇಡ. ಅದು ಹೋಗುವುದು ಸಿಮೆಂಟ್ ಕಾರ್ಖಾನೆ ಗೂಡಿಗೆ, ಅಲ್ಲಿವರೆಗೆ ಲಾರಿ ಬಾಡಿಗೆ ಯಾರಾದರೂ ಕೊಡಬೇಕು. ಪ್ಯಾಕೆಟ್ ತಯಾರಿಸುವ ಕಂಪನಿಗಳೂ ಹೊಣೆ ಅಂತ ಪ್ಲಾಸ್ಟಿಕ್ ನಿಯಮ ಹೇಳುತ್ತದೆ, ಸರಿ, ಆದರೆ ನಿಮ್ಮ ಶೆಡ್ಡಿಗೆ ಯಾರು ಬಂದಿದ್ದಾರೆ? ಆ ಬಾಡಿಗೆ ಯಾರದು ಅಂತ ಕರಾರಿನಲ್ಲಿ ಇಲ್ಲದಿದ್ದರೆ ಒಂದು ರಾತ್ರಿ ಆ ರಾಶಿಗೆ ಬೆಂಕಿ ಬೀಳುತ್ತದೆ.

ಹೋಂಸ್ಟೇ ನಡೆಸುವವರು, ಮಡಿಕೇರಿ ತಾಲ್ಲೂಕು:

ಗಾಜಿನ ಬಾಟಲಿ ಮರೆಯಬೇಡಿ. ನಮ್ಮ ಕಡೆ ಗಾಡಿಯವರು ಗಾಜು ಮುಟ್ಟುವುದಿಲ್ಲ, ಕರಾರಿನಲ್ಲಿ ಇಲ್ಲವಂತೆ. ಕಾಫಿ ಗೋಡೌನ್ ಹಿಂದೆ 11 ಗೋಣಿಚೀಲ ಬಾಟಲಿ ಕೂತಿದೆ, ಎಲ್ಲವೂ ಅತಿಥಿಗಳ ಕೃಪೆ. ಹೋಂಸ್ಟೇಗೆ ಮನೆಯ ಶುಲ್ಕವೇ ಹಾಕಿದ್ದಾರೆ, ಜಾಸ್ತಿ ಕೊಡಲು ನಾನು ತಯಾರು, ಒಯ್ದರೆ ಸಾಕು.

ಪ್ರಶ್ನೆ ಕೇಳಿದ ಸದಸ್ಯೆ:

ಎಲ್ಲರಿಗೂ ವಂದನೆ. ನಿನ್ನೆ ಕಡತ ತರಿಸಿದೆ. ವಿಸ್ತರಣೆ ಷರತ್ತು ಇದೆ, ಆದರೆ 6 ತಿಂಗಳಿಗೆ, ಹಳೇ ದರಕ್ಕೆ. ಎರಡು ವರ್ಷ, ಶೇ 15 ಎಲ್ಲಿಂದ ಬಂತೋ. ಮಾಲು ಮಾರಿದ ಚೀಟಿ ಕೊಡಿ ಅಂದಿದ್ದಕ್ಕೆ ಗುತ್ತಿಗೆದಾರರು ಅಕೌಂಟೆಂಟ್ ರಜೆಯಲ್ಲಿದ್ದಾರೆ ಅಂದರು. ಈ ಭಾನುವಾರ ಲೈನ್ ಮನೆ ಕಡೆ ಗಾಡಿಯಲ್ಲಿ ನಾನೂ ಹೋಗುತ್ತೇನೆ.

ನಿವೃತ್ತ ಪಿಡಿಒ:

ಏಪ್ರಿಲ್‌ನಿಂದ 6 ತಿಂಗಳು ಅಂದರೆ ಪೂರ್ತಿ ಮಳೆಗಾಲ, ಮೇಡಂ. ವಿಸ್ತರಿಸುವುದಾದರೆ ಟಾರ್ಪಾಲ್ ಮಾತು ಮೊದಲು ಬರೆಸಿ. ಹೊಸ ಟೆಂಡರ್ ಕಾಗದವನ್ನೂ ಇವತ್ತೇ ಶುರು ಮಾಡಿಸಿ.