ಎಕ್ಸಾಸ್ಟ್ ಹೆಡರ್‌ಗೆ ಕನ್ನಡದಲ್ಲಿ ಏನಂತೀರಿ? ಕವಲು ಅನ್ಬೋದಾ, ಕೂಡಿಗೆ ಅನ್ಬೇಕಾ?

ಎಲ್ಲರಿಗೂ ನಮಸ್ಕಾರ. ಎಕ್ಸಾಸ್ಟ್ ಹೆಡರ್, ಅಂದ್ರೆ ಇಂಜಿನ್ನಿನ ಸಿಲಿಂಡರುಗಳಿಂದ ಬರೋ ಹೊಗೆನ ಒಂದು ಮಾಡಿ ಹೊರಗೆ ಒಯ್ಯೋ ಪೈಪುಗಳ ಗುಂಪು, ಆ ಒಂದು ಪದದ ಬಗ್ಗೆ ಕೇಳೋದಿತ್ತು, ಬರೀತಾ ಹೋದ್ರೆ ಅದು ಮೂರ್ನಾಲ್ಕು ಪದ ಆಗುತ್ತೆ, ಎಲ್ಲ ಒಂದೇ ಜಾಗದಲ್ಲಿ ಬರೋವು ಅದಕ್ಕೆ ಒಟ್ಟಿಗೇ ಕೇಳ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ದು ಸೋಮವಾರಪೇಟೆ ಕಡೆ, ಕಾಫಿ ತೋಟ. ದೊಡ್ಡಪ್ಪನ ಕಾಲದ ಒಂದು ಜಿಪ್ಸಿ ಇದೆ, ಮಾರುತಿಯವ್ರು 1985ರಲ್ಲಿ ಬಿಟ್ರಲ್ಲ ಆ 970 ಸಿಸಿ ಮಾದರಿ. ಗಾಡಿ ಗಟ್ಟಿ, ಆದ್ರೆ ಎರಡು ಮೂಟೆ ಗೊಬ್ಬರ ಹಾಕ್ಕೊಂಡು ಮಳೇಲಿ ತೋಟದ ಏರು ಹತ್ಸೋಕೆ ಹೋದ್ರೆ ಇಂಜಿನ್ ಕೈ ಚೆಲ್ಲುತ್ತೆ. ಅದಕ್ಕೆ ಹಳೇ ಬಲೆನೋ ಕಾರಿನ 1590 ಸಿಸಿ ಇಂಜಿನ್ ಕೂರ್ಸೋಣ ಅಂತ ಹೊರಟಿದೀವಿ, ಜಿಪ್ಸಿ ಇಟ್ಕೊಂಡಿರೋರು ಬಹಳ ಜನ ಇದನ್ನ ಮಾಡಿದಾರೆ. (ಆರ್‌ಟಿಓ ಒಪ್ಪಿಗೆ, ಆರ್‌ಸೀಲಿ ಇಂಜಿನ್ ನಂಬರ್ ಬದ್ಲಾಗೋದು, ಅದೆಲ್ಲ ಬೇರೆ ಕತೆ, ಇಲ್ಲಿ ಬೇಡ.) ಬಲೆನೋದಲ್ಲಿ ಇಂಜಿನ್ ಅಡ್ಡ ಕೂತಿರುತ್ತೆ, ಜಿಪ್ಸೀಲಿ ಉದ್ದಕ್ಕೆ ಕೂರ್ಬೇಕು. ಉದ್ದಕ್ಕೆ ತಿರುಗ್ಸಿದ ತಕ್ಷಣ ಹೊಗೆ ಹೊರಗೆ ಬರೋ ಬಾಯಿ ಚಾಸಿಗೆ ಮುಖ ಮಾಡ್ಕೊಂಡು ನಿಂತ್ಬಿಡುತ್ತೆ. ತೊಂದ್ರೆ ಶುರು ಆಗೋದೇ ಅಲ್ಲಿ, ಪದದ್ದೂ ಪೈಪಿಂದೂ.

ನಾನು ಕೆಲ್ಸಕ್ಕೆ ಕೊಟ್ಟ ಕಡೆ ಫೋನಲ್ಲಿ ಹೇಳಿದ್ದು ಇಷ್ಟು: "ಮ್ಯಾನಿಫೋಲ್ಡ್ ಮುಟ್ಬೇಡಿ, ಸೈಲೆನ್ಸರ್ ಬಾಯಿ ಮಾತ್ರ ಹಿಂದಕ್ಕೆ ತಿರುಗ್ಸಿ." ಎರಡು ದಿನ ಬಿಟ್ಟು ಹೋಗಿ ನೋಡ್ತೀನಿ, ಬೀಡಿನ (ಎರಕದ ಕಬ್ಬಿಣದ) ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದ್ರೆ ನಾಲ್ಕೂ ಸಿಲಿಂಡರಿನ ಹೊಗೆ ಕೂಡ್ಸೋ ಭಾಗ, ಅದರ ಬಾಯಿನೇ ಕತ್ತರಿಸಿ ಕಬ್ಬಿಣದ ಪೈಪ್ ತುಂಡು ಇಟ್ಟು ವೆಲ್ಡ್ ಮಾಡಿದಾರೆ. ಬೀಡಿಗೆ ಚೆನ್ನಾಗಿ ಕಾಯ್ಸದೆ ವೆಲ್ಡ್ ಮಾಡಿದ್ರೆ ಆರುವಾಗ ಬಿರುಕು ಬಿಡುತ್ತೆ. ಬಿಟ್ಟಿತ್ತು. ವೆಲ್ಡಿನ ಪಕ್ಕದಲ್ಲೇ, ಉಗುರು ಇಟ್ರೆ ಸಿಕ್ಕೊಳ್ಳೋ ಅಷ್ಟು. ಕೇಳಿದ್ದಕ್ಕೆ ಅವ್ರು, "ಮ್ಯಾನಿಫೋಲ್ಡ್ ಮುಟ್ಟೇ ಇಲ್ವಲ್ಲ ಸಾರ್, ನೋಡಿ" ಅಂತ ಗಾಳಿ ಒಳಗೆ ಹೋಗೋ ಕಡೇದನ್ನ ತೋರ್ಸಿದ್ರು. ಅವ್ರ ಗ್ಯಾರೇಜಲ್ಲಿ ಮ್ಯಾನಿಫೋಲ್ಡ್ ಅಂದ್ರೆ ಅದೊಂದೇ. ಹೊಗೆ ಬರೋ ಕಡೇದು ಹೆಡ್ಡಿಂದ (ಇಂಜಿನ್ನಿನ ಮೇಲಿನ ಭಾಗ) ಹಿಂದಿನ ಬಂಪರ್ ತನಕ ಎಲ್ಲಾ ಸೈಲೆನ್ಸರ್. ಅವ್ರು ಸುಳ್ಳು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಪದ ಒಂದೇ, ಅರ್ಥ ಎರಡು, ನಡುವೆ ಒಂದು ಒಳ್ಳೆ ಎರಕದ ಸಾಮಾನು ಹೋಯ್ತು.

ಈಗ ಬೀಡಿನದು ಬಿಟ್ಟು ಪೈಪ್ ಬಗ್ಗಿಸಿ ಹೆಡರ್ ಮಾಡ್ಸೋಣ ಅಂತ ಇದೀನಿ. ಬೇರೆ ವೆಲ್ಡರ್ ಒಪ್ಕೊಂಡಿದಾರೆ, ಅವ್ರಿಗೆ ಈ ಸಲ ಚೀಟಿ ಬರ್ದೇ ಕೊಡ್ಬೇಕು. ಬರ್ಯೋಕೆ ಕೂತಾಗ ಕನ್ನಡದಲ್ಲಿ ಒಂದೊಂದು ಭಾಗಕ್ಕೂ ಬೇರೆ ಬೇರೆ ಹೆಸ್ರೇ ಇಲ್ಲ ಅನ್ನೋದು ಗೊತ್ತಾಯ್ತು.

ಹೆಡರ್ ಅನ್ನೋದನ್ನೇ ಮೊದ್ಲು ತಗೊಳ್ಳಿ. ಪುಸ್ತಕ ಅಚ್ಚು ಹಾಕೋರಿಗೆ ಹೆಡರ್ ಅಂದ್ರೆ ಪುಟದ ಮೇಲ್ಗಡೆ ಬರೋ ತಲೆಬರಹ. ಹಂಗಂತ ಇಲ್ಲೂ "ತಲೆಗೊಳವೆ" ಅಂದ್ರೆ ಆಗುತ್ತಾ? ನಮ್ಮ ಬಲೆನೋ ಇಂಜಿನ್ನಿಗೆ ಹೇಗೋ ಒಪ್ಪುತ್ತೆ, ಯಾಕಂದ್ರೆ ಅದು ಹೆಡ್ಡಿಗೇ ಬೋಲ್ಟ್ ಆಗೋದು, ಹೆಡ್ಡನ್ನ ತಲೆ ಅಂತ ಯಾರೂ ಕರ್ಯಲ್ಲ ಅನ್ನೋದು ಬೇರೆ ಮಾತು. ಆದ್ರೆ ಹಳೇ ವಿಲ್ಲಿಸ್ ಜೀಪ್ ನೋಡಿ, ಅದರ 2.2 ಲೀಟರಿನ ಪೆಟ್ರೋಲ್ ಇಂಜಿನ್ನಲ್ಲಿ ವಾಲ್ವ್ ಇರೋದು ಬ್ಲಾಕಲ್ಲಿ (ಸಿಲಿಂಡರ್ ಇರೋ ಕೆಳಗಿನ ಭಾಗ), ಮ್ಯಾನಿಫೋಲ್ಡ್ ಕೂರೋದೂ ಬ್ಲಾಕಿಗೇ, ಹೆಡ್ ಅಂದ್ರೆ ಮೇಲೊಂದು ಮುಚ್ಚಳ ಅಷ್ಟೇ. ಅಲ್ಲಿ ತಲೆಗೂ ಈ ಕೊಳವೆಗೂ ಸಂಬಂಧನೇ ಇಲ್ಲ. ಎಕ್ಸಾಸ್ಟ್‌ಗೆ ಪಠ್ಯಪುಸ್ತಕದ "ನಿಷ್ಕಾಸ" ನನಗೆ ಗೊತ್ತು, ಶಾಲೇಲಿ ಓದಿದ್ದೆ, ಆದ್ರೆ ಚೀಟೀಲಿ ನಿಷ್ಕಾಸ ಕೊಳವೆ ಅಂತ ಬರ್ದು ಕೊಟ್ರೆ ವೆಲ್ಡರ್ ಮತ್ತೆ ಫೋನ್ ಮಾಡ್ತಾರೆ, ಮತ್ತೆ ಅದೇ ಗೊಂದಲ. ಬೈಕಿನವ್ರು "ಬೆಂಡ್ ಪೈಪ್" ಅಂತಾರೆ, ಅದು ಒಂದೇ ಸಿಲಿಂಡರಿಗೆ ಸರಿ, ನಾಲ್ಕು ಇದ್ದಾಗ ನಾಲ್ಕು ಬೆಂಡ್ ಸೇರಿ ಏನು?

ನನಗೆ ಮೊದ್ಲು ಹೊಳೆದಿದ್ದು "ಕವಲು". ಮರದ ಕವಲು, ದಾರಿ ಕವಲು, ಚೆಂದದ ಮಾತು. ಒಂದಿನ ಚೀಟೀಲಿ ಕವಲು ಅಂತಲೇ ಬರ್ದೂ ಇಟ್ಟಿದ್ದೆ. ಆಮೇಲೆ ಓದಿದಾಗ ಸರಿ ಕಾಣ್ಲಿಲ್ಲ. ಕವಲೊಡೆಯೋದು ಅಂದ್ರೆ ಒಂದು ಇದ್ದದ್ದು ಎರಡಾಗೋದು ತಾನೇ? ಗಾಳಿ ಒಳಗೆ ಹೋಗೋ ಕಡೆ ಅದು ನಿಜ, ಒಂದು ಬಾಯಲ್ಲಿ ಬಂದ ಗಾಳಿ ನಾಲ್ಕು ಸಿಲಿಂಡರಿಗೆ ಹಂಚಿ ಹೋಗುತ್ತೆ. ಹೊಗೆ ಕಡೆ ಆಗೋದು ತಿರುಗಾ, ನಾಲ್ಕು ಕಡೆಯಿಂದ ಬಂದಿದ್ದು ಒಂದಾಗುತ್ತೆ. ಇಂಗ್ಲಿಷಲ್ಲಿ ಎರಡಕ್ಕೂ ಮ್ಯಾನಿಫೋಲ್ಡ್ ಅಂತಲೇ ಅಂತಾರೆ, ಹಲವು ಮಡಿಕೆ ಅಂತಷ್ಟೇ ಅದರ ಅರ್ಥ, ಯಾವ ಕಡೆ ಹರಿಯುತ್ತೆ ಅಂತ ಅದು ಹೇಳಲ್ಲ. ನಮ್ಮ ಭಾಷೇಲಿ ಹರಿಯೋ ದಿಕ್ಕಿಗೆ ಬೇರೆ ಬೇರೆ ಮಾತು ಇದೆ, ಕವಲೋದು ಬೇರೆ ಕೂಡೋದು ಬೇರೆ, ಇರೋದನ್ನ ಯಾಕೆ ಬಿಡ್ಬೇಕು ಅನ್ನೋದು ನನ್ನ ವಾದ. ಈ ವ್ಯತ್ಯಾಸ ಪದದಲ್ಲೇ ಇದ್ದಿದ್ರೆ ನಮ್ಮ ಮ್ಯಾನಿಫೋಲ್ಡ್ ಇವತ್ತು ಇಡೀದಾಗಿ ಇರ್ತಿತ್ತು.

ಇನ್ನು ಕೂಡೋದಕ್ಕೆ ನಮ್ಮ ಜಿಲ್ಲೇಲೇ ಹೆಸ್ರು ಇದೆ. ಕುಶಾಲನಗರದಿಂದ ಮುಂದೆ ಕೂಡಿಗೆ, ಹಾರಂಗಿ ಬಂದು ಕಾವೇರಿಗೆ ಸೇರೋ ಜಾಗ. ಶಿವಮೊಗ್ಗ ಕಡೆ ತುಂಗೆ ಭದ್ರೆ ಸೇರೋದು ಕೂಡಲಿ, ಕೃಷ್ಣೆ ಮಲಪ್ರಭೆ ಸೇರೋದು ಕೂಡಲಸಂಗಮ. ಎಲ್ಲಾ ಅದೇ ಬೇರು. ಹೆಡರ್‌ನಲ್ಲಿ ನಾಲ್ಕು ಪೈಪೂ ಬಂದು ಸೇರೋ ಗಂಟು ಇದೆಯಲ್ಲ, ಕಲೆಕ್ಟರ್ ಅಂತಾರೆ, ಅದಕ್ಕೆ "ಕೂಡಿಗೆ" ಅಂದ್ರೆ ಎಷ್ಟು ಸಲೀಸು. ಕಲೆಕ್ಟರ್ ಅಂದ್ರೆ ಇಲ್ಲಿ ಯಾರಿಗಾದ್ರೂ ನೆನಪಾಗೋದು ಡಿಸಿ ಆಫೀಸು.

ಇದು ಬರೀ ಚೆಂದಕ್ಕೆ ಹೇಳ್ತಿಲ್ಲ. ಯಾವ ಹೆಡರ್ ಮಾಡ್ಸೋದು ಅನ್ನೋದರ ಜೀವಾಳನೇ ಈ ಕೂಡೋದರಲ್ಲಿ ಇದೆ. ನಾಲ್ಕನ್ನೂ ಒಂದೇ ಕಡೆ ತಂದು ಸೇರ್ಸೋದು ಒಂದು ಬಗೆ, ಇಂಜಿನ್ ಜೋರಾಗಿ ತಿರುಗುವಾಗ ಅದರ ಲಾಭ, ರೇಸಿನವ್ರಿಗೆ ಬೇಕು. ಎರಡೆರಡು ಸೇರ್ಸಿ ಆಮೇಲೆ ಆ ಎರಡನ್ನ ಒಂದು ಮಾಡೋದು ಇನ್ನೊಂದು ಬಗೆ, 4-2-1 (ಫೋರ್-ಟೂ-ಒನ್) ಅಂತಾರೆ, ಕೆಳಗಿನ ಮತ್ತೆ ನಡುವಿನ ಆರ್‌ಪಿಎಂನಲ್ಲಿ ಎಳೆತ ಚೆನ್ನಾಗಿ ಬರುತ್ತೆ, ಕೆಸರಲ್ಲಿ ಮೆಲ್ಲ ಹತ್ತೋ ಗಾಡಿಗೆ ಇದೇ ಸರಿ. ಅದರಲ್ಲೂ ಸಿಕ್ಕ ಸಿಕ್ಕ ಪೈಪ್ ಜೋಡಿ ಮಾಡಂಗಿಲ್ಲ. ಇಂಥ ನಾಲ್ಕು ಸಿಲಿಂಡರ್ ಇಂಜಿನ್ ಉರಿಯೋದು 1-3-4-2 ಕ್ರಮದಲ್ಲಿ, ಅದಕ್ಕೆ ಒಂದನೇದ್ದು ನಾಲ್ಕನೇದಕ್ಕೆ, ಎರಡನೇದು ಮೂರನೇದಕ್ಕೆ ಜೋಡಿ ಹಾಕ್ತಾರೆ, ಆಗ ಜೋಡೀಲಿರೋ ಎರಡೂ ಒಂದು ಪೂರ್ತಿ ಸುತ್ತಿನ ಅಂತರದಲ್ಲಿ ಉಸಿರು ಬಿಡ್ತವೆ, ಒಂದಕ್ಕೊಂದು ಅಡ್ಡ ಬರಲ್ಲ. ಮುಂದೆ ಹೋದ ಹೊಗೆ ಹಿಂದೆ ಬರೋದನ್ನ ಎಳ್ಕೊಂಡು ಹೋಗುತ್ತೆ. ಸ್ಕ್ಯಾವೆಂಜಿಂಗ್ ಅಂತಾರೆ ಅದಕ್ಕೆ. ನಾನು "ಸೆಳವು" ಅನ್ನೋಣ ಅಂತಿದೀನಿ, ಹೊಳೆ ಸೆಳವು ಅಂತೀವಲ್ಲ ಅದೇ. ಬ್ಯಾಕ್ ಪ್ರೆಶರಿಗೆ, ಅಂದ್ರೆ ಹೊರಗೆ ಹೋಗೋ ಹೊಗೆನ ಹಿಂದಕ್ಕೆ ತಳ್ಳೋ ಒತ್ತಡಕ್ಕೆ, "ಹಿಂದೊತ್ತು" ನಡೆಯುತ್ತಾ? ನನಗೆ ಕಿವಿಗೆ ಒಪ್ಪುತ್ತೆ.

ಸೇರೋ ಕೋನ ಎಂಥದ್ದು ಅನ್ನೋದಕ್ಕೆ ನಮ್ಮ ತೋಟದ ಹುಡುಗ್ರ ಹತ್ರ ಮಾತು ರೆಡಿ ಇದೆ. ಫೆಬ್ರವರಿ ಮಾರ್ಚಲ್ಲಿ ಹೂವಿಗೆ ನೀರು ಹಾಯ್ಸುವಾಗ ಪೈಪ್ ಜೋಡಿಸ್ತಾರಲ್ಲ, ಅಲ್ಲಿ "ಟೀ" ಬೇರೆ "ವೈ" ಬೇರೆ. ಟೀ ಹಾಕಿದ್ರೆ ನೀರು ಎದುರು ಗೋಡೆಗೆ ಹೊಡ್ಕೊಳ್ಳುತ್ತೆ, ವೈ ಹಾಕಿದ್ರೆ ಪಕ್ಕದಿಂದ ನುಸುಳಿ ಸೇರ್ಕೊಳ್ಳುತ್ತೆ ಅಂತ ಅವ್ರಿಗೆ ಕೈಗೇ ಗೊತ್ತು. ಹೊಗೇಗೂ ಅದೇ ಲೆಕ್ಕ. ಚೀಟೀಲಿ "ಕೂಡಿಗೆ ವೈ ಥರ ಇರ್ಬೇಕು, ಟೀ ಥರ ಅಲ್ಲ" ಅಂತ ಬರೆದಿದೀನಿ, ಇದೊಂದು ಸಾಲು ಅರ್ಥ ಆಗದೆ ಇರಲ್ಲ ಅನ್ನೋ ಧೈರ್ಯ ಇದೆ.

ಉಳಿದಿದ್ದು ಬೇಗ ಹೇಳ್ತೀನಿ. ಪೈಪು ಒಂದೂವರೆ ಇಂಚು, ಹೆಡ್ಡಿಗೆ ಕೂರೋ ಪಟ್ಟಿ 10 ಮಿಲಿಮೀಟರ್ ದಪ್ಪ, ತೆಳು ಹಾಕಿದ್ರೆ ಕಾದು ಸೊಟ್ಟ ಆಗಿ ಗ್ಯಾಸ್ಕೆಟ್ ಹೋಗುತ್ತೆ. ಎಂಎಸ್ಸಾ (ಮೈಲ್ಡ್ ಸ್ಟೀಲ್) ಎಸ್ಎಸ್ಸಾ (ಸ್ಟೇನ್‌ಲೆಸ್ ಸ್ಟೀಲ್) ಅನ್ನೋದರಲ್ಲಿ ನಾನು ಎಸ್ಎಸ್ ಕಡೆ, ನಮ್ಮ ಮಳೇಲಿ ಎಂಎಸ್ ತುಕ್ಕು ತಿನ್ನುತ್ತೆ, ಆದ್ರೆ ಎಸ್ಎಸ್ ಕಾದಾಗ ಎಂಎಸ್ಸಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತೆ, ಕೆಳಗಿನ ಪೈಪಿನ ಭಾರ ಅದರ ಮೇಲೆ ಬಿಡದ ಹಂಗೆ ಕ್ಲಾಂಪ್ ಕೊಡ್ಬೇಕು. ಪೈಪಿಗೆ ಶಾಖ ತಡೆಯೋ ಬಟ್ಟೆ ಸುತ್ತೋದು ಬೇಡ ಅಂದೆ, ಅದು ನೀರು ಹಿಡ್ಕೊಂಡು ಒಳಗಿಂದ ಕೊಳೆಸುತ್ತೆ. ಆಕ್ಸಿಜನ್ ಸೆನ್ಸರ್ ಕೂಡಿಗೆಯಿಂದ ಕೆಳಗೆ, ನಾಲ್ಕರ ಹೊಗೆನೂ ಅದಕ್ಕೆ ತಾಗ್ಬೇಕು. ನೋಡಿ, ಈ ಸಾಲಲ್ಲಿ ಕೂಡಿಗೆ ಅನ್ನೋ ಪದ ಇಲ್ದಿದ್ರೆ ನಾನು ಎಷ್ಟುದ್ದ ಬರೀಬೇಕಿತ್ತು.

ಒಂದೊಂದು ಪೈಪಿಗೆ ಮಾತ್ರ ಇನ್ನೂ ಪದ ಸಿಕ್ಕಿಲ್ಲ. ಪ್ರೈಮರಿ ಅಂತಾರೆ. ನಮ್ಮ ಕಡೆ ಹೊಳೆಗೆ ಸೇರೋ ಸಣ್ಣ ನೀರಿಗೆ "ತೋಡು" ಅಂತೀವಿ, ತೋಡು ಬಂದು ಕೂಡಿಗೇಲಿ ಸೇರುತ್ತೆ ಅಂದ್ರೆ ನನಗೆ ಚಿತ್ರ ಕಣ್ಣಿಗೆ ಕಟ್ಟುತ್ತೆ, ಆದ್ರೆ ಮೈಸೂರು ದಾಟಿದ್ರೆ ತೋಡು ಅಂದ್ರೆ ಅಗಿ ಅಂತ ಅರ್ಥ ಮಾಡ್ಕೋತಾರೆ. "ಎಳೆ" ಅಂದ್ರೆ ಹೇಗೆ? ಮೂರೆಳೆ ಸರ ಅನ್ನೋ ಹಂಗೆ ನಾಲ್ಕೆಳೆ ಹೆಡರ್. ಇಡೀ ಸಾಮಾನಿಗೆ "ಕೂಡುಗೊಳವೆ", ಒಳಗಾಳಿ ಕಡೇದಕ್ಕೆ "ಕವಲುಗೊಳವೆ", ಸೈಲೆನ್ಸರ್ ಅನ್ನೋದು ಸದ್ದು ಅಡಗ್ಸೋ ಆ ಡಬ್ಬಕ್ಕೆ ಮಾತ್ರ, ಇದು ನನ್ನ ಸಲಹೆ.

ನೀವು ಹೇಳ್ಬೇಕಾದ್ದು: ನಿಮ್ಮೂರ ಗ್ಯಾರೇಜಲ್ಲಿ, ಲಾರಿ ಬಾಡಿ ಕಟ್ಟೋ ಕಡೆ, ಪಂಪ್‌ಸೆಟ್ ರಿಪೇರಿಯವ್ರ ಬಾಯಲ್ಲಿ ಇವಕ್ಕೆ ಏನಾದ್ರೂ ಹೆಸ್ರು ಕೇಳಿದೀರಾ? ಮತ್ತೆ ಕೂಡಿಗೆ, ಕೂಡಲು ಅನ್ನೋದು ಊರ ಹೆಸರಾಗಿ ಅಲ್ದೆ ಬರೀ ನಾಮಪದವಾಗಿ, ಎರಡು ಕಾಲುವೆ ಸೇರೋ ಜಾಗ ಅನ್ನೋ ಅರ್ಥದಲ್ಲಿ, ಇವತ್ತಿಗೂ ಯಾರಾದ್ರೂ ಆಡ್ತಾರಾ? ಬುಧವಾರ ವೆಲ್ಡರ್ ಪೈಪ್ ಬಗ್ಸೋಕೆ ಕೂರ್ತಾರೆ, ಮಂಗಳವಾರ ರಾತ್ರಿ ಒಳಗೆ ಹೇಳಿದ್ರೆ ಚೀಟಿ ತಿದ್ದಿ ಕೊಡ್ತೀನಿ.