ಪದಚರ್ಚೆ: ಲೂಪರ್ ಪೆಡಲ್‌ನ ‘ಲೂಪ್’ಗೆ ‘ಸುತ್ತು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಶಿರಸಿಯಿಂದ ಬರೆಯುತ್ತಿದ್ದೇನೆ. ಅಕ್ಕನ ಮಗ ಗಿಟಾರ್ ನುಡಿಸುತ್ತಾನೆ. ಕುಮಟಾದ ಅವನ ಗೆಳೆಯ ಡ್ರಮ್ಸ್ ಬಾರಿಸುತ್ತಾನೆ. ಇರುವುದು ಇವರಿಬ್ಬರೇ. ಬೇಸ್ ಗಿಟಾರ್ ಇಲ್ಲ, ಎರಡನೇ ಗಿಟಾರ್ ಇಲ್ಲ. ಆ ಖಾಲಿ ಜಾಗ ತುಂಬಲು ಲೂಪರ್ ಪೆಡಲ್ ಕೊಳ್ಳಬೇಕೋ, ಸ್ಯಾಂಪ್ಲರ್ ಕೊಳ್ಳಬೇಕೋ ಅಂತ ಇಬ್ಬರಲ್ಲೂ ವಾದ. ದುಡ್ಡು ಕೊಡುವವಳು ಅಕ್ಕ. “ಎರಡೂ ಒಂದೇ ಅಲ್ವಾ? ಕನ್ನಡದಲ್ಲಿ ಹೇಳು ನೋಡೋಣ” ಅಂದಳು. ಹೇಳಲು ಹೋಗಿ ತಡವರಿಸಿದೆ. ಅದಕ್ಕೇ ಈ ಪತ್ರ.

ಲೂಪರ್ ಅಂದರೆ ಕಾಲಲ್ಲಿ ತುಳಿಯುವ ಪುಟ್ಟ ಪೆಟ್ಟಿಗೆ, ಈಗ ನುಡಿಸಿದ್ದನ್ನು ಹಿಡಿದುಕೊಳ್ಳುತ್ತದೆ. ಇನ್ನೊಮ್ಮೆ ತುಳಿದ ಕೂಡಲೇ ಅದನ್ನೇ ಮೊದಲಿನಿಂದ ನುಡಿಸುತ್ತದೆ, ನಿಲ್ಲಿಸುವ ತನಕ ಬಿಡುವುದಿಲ್ಲ. ಸ್ಯಾಂಪ್ಲರ್‌ನಲ್ಲಿ ತುಣುಕುಗಳನ್ನು ಮೊದಲೇ ತುಂಬಿಟ್ಟಿರುತ್ತೇವೆ, ಬೇಕಾದಾಗ ಗುಂಡಿ ಒತ್ತಿ ಹೊರಗೆ ಬಿಡುತ್ತೇವೆ. ‘ಸ್ಯಾಂಪಲ್’ ಪದವನ್ನು ನಾನು ಮುಟ್ಟುವುದಿಲ್ಲ. ಅಡಿಕೆ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಟೆಯಿಂದ ಒಂದು ಹಿಡಿ ತೆಗೆದು ತೋರಿಸಿದರೆ ಸ್ಯಾಂಪಲ್. ದನಿಯಿಂದ ಒಂದು ಹಿಡಿ ತೆಗೆದಿಟ್ಟರೆ ಅದೂ ಸ್ಯಾಂಪಲ್ಲೇ. ಅಕ್ಕನಿಗೆ ಇಷ್ಟು ಹೇಳಿದ್ದೇ ತಡ, ಅರ್ಥವಾಯಿತು.

ತೊಡಕಿರುವುದು ‘ಲೂಪ್’ನಲ್ಲಿ. ಸಂಗೀತದಲ್ಲಿ ಈ ಪದ ಟೇಪಿನ ಕಾಲದ್ದು. ದನಿ ತುಂಬಿದ ಟೇಪನ್ನು ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ಎರಡು ತುದಿ ಸೇರಿಸಿ ಅಂಟಿಸುತ್ತಿದ್ದರು. ಬಳೆಯಂತಾದ ಆ ಟೇಪು ತಿರುಗಿದಷ್ಟು ಹೊತ್ತೂ ಅದೇ ದನಿ ಮರಳಿ ಬರುತ್ತಿತ್ತು. ನಿಘಂಟು ತೆಗೆದರೆ ಕುಣಿಕೆ, ಉರುಳು, ಸುರುಳಿ ಸಿಗುತ್ತವೆ. ಕುಣಿಕೆ ಅಂದರೆ ದನ ಕಟ್ಟುವ ಹಗ್ಗ ನೆನಪಾಗುತ್ತದೆ, ಇಲ್ಲವೇ ನೇಣು. ಎರಡೂ ಎಳೆದರೆ ಬಿಗಿಯುವಂಥವು. ಉರುಳು ಇನ್ನೂ ಬೇಡ. ಸುರುಳಿ ಸುತ್ತುತ್ತದೆ ನಿಜ, ಆದರೆ ಹೊರಟಲ್ಲಿಗೇ ಬಂದು ಸೇರುವುದಿಲ್ಲ. ಕುಮಟಾದ ಹುಡುಗನಿಗೆ ಲೂಪ್ ಅಂದರೆ ಕೊಂಕಣ ರೈಲ್ವೆಯ ಲೂಪ್ ಲೈನು. ಎದುರಿನ ಗಾಡಿಗೆ ದಾರಿ ಬಿಟ್ಟು ನಿಲ್ಲುವ ಆ ಹಳಿಯೂ ಮುಂದೆ ಹೋಗಿ ಸೇರುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ.

ಕನ್ನಡ ಹಿಂದೊಮ್ಮೆ ‘ಲೂಪ್’ಅನ್ನು ಚೆಂದವಾಗಿ ಒಗ್ಗಿಸಿಕೊಂಡಿದೆ. 1965ರಲ್ಲಿ ಕುಟುಂಬ ಯೋಜನೆಯಲ್ಲಿ, ಗರ್ಭ ನಿಲ್ಲದಂತೆ ಗರ್ಭಕೋಶದಲ್ಲಿಡುವ ಲೂಪ್ ಬಳಕೆಗೆ ಬಂತಲ್ಲ, ಆ ಬಗೆಯ ಸಾಧನಕ್ಕೆ ನಮ್ಮಲ್ಲಿ ‘ವಂಕಿ’ ಎಂಬ ಹೆಸರು ನಿಂತಿತು. ವಂಕಿ ತೋಳಿನ ಒಡವೆ. ಆಕಾರ ನೋಡಿ, ಮನೆಯಲ್ಲೇ ಇದ್ದ ಪದ ಎತ್ತಿಕೊಂಡರು. ದನಿಯ ಲೂಪಿಗೂ ಅಂಥದ್ದೊಂದು ಬೇಕು ಅಂತ ನನ್ನಾಸೆ.

ಹುಡುಗರು ಪರಿಚಿತರಿಂದ ಬಾಸ್ ಕಂಪನಿಯ ಆರ್‌ಸಿ-1 ಲೂಪರ್ ಪೆಡಲನ್ನು ಎರವಲು ತಂದು ಮೆತ್ತಿನ (ಮಹಡಿಯ) ಮೇಲೆ ಅಭ್ಯಾಸ ಮಾಡುತ್ತಿದ್ದರು. ಅದರ ಮೈಮೇಲೆ 24 ಪುಟ್ಟ ದೀಪಗಳ ವೃತ್ತವಿದೆ. ಲೂಪ್ ಎಲ್ಲಿಗೆ ಬಂತು ಅಂತ ದೀಪ ಸುತ್ತುತ್ತಾ ತೋರಿಸುತ್ತದೆ. ಅಳಿಯ ಎರಡನೇ ಸಲ ತುಳಿಯುವಾಗ ಕೂದಲೆಳೆಯಷ್ಟು ಬೇಗ ತುಳಿದ. ಅಷ್ಟೇ, ಪ್ರತಿ ಸಲ ಮೊದಲಿಗೆ ಬರುವಾಗ ಲಯ ಕುಂಟತೊಡಗಿತು. ಡ್ರಮ್ಸಿನವನು ಅದಕ್ಕೆ ಹೊಂದಿಕೊಳ್ಳಲಾಗದೆ ಕೋಲು ಕೆಳಗಿಟ್ಟ. ಪಕ್ಕದ ಮನೆಯ ಹಿರಿಯರೊಬ್ಬರು ಯಕ್ಷಗಾನಕ್ಕೆ ಮದ್ದಲೆ ಬಾರಿಸುವವರು, ಕೇಳುತ್ತಾ ಕೂತಿದ್ದರು. “ತಮಾ, ಆವರ್ತ ತುಂಬಿದ್ದಿಲ್ಲೆ” ಅಂದರು, ತಾಳ ಪೂರ್ತಿ ಮುಗಿದು ಮೊದಲಿಗೆ ಬರುವ ಮುಂಚೆಯೇ ತುಳಿದೆ ಅಂತ. ಲೂಪರ್ ಅನ್ನು ಅವರು ಅವತ್ತೇ ಮೊದಲು ನೋಡಿದ್ದು. ತಪ್ಪು ಎಲ್ಲಿ ಅಂತ ಮೂರೇ ಪದದಲ್ಲಿ ಹೇಳಿಬಿಟ್ಟರು.

ಹಾಗಾದರೆ ಲೂಪ್ ಅಂದರೆ ‘ಆವರ್ತ’ವೇ? ಎರಡು ದಿನ ಹಾಗೇ ಅಂದುಕೊಂಡಿದ್ದೆ. ಆಮೇಲೆ ಹೊಂದಲಿಲ್ಲ. ಆವರ್ತ ತಾಳದ ಅಳತೆ. ಒಂದು ಲೂಪಿನಲ್ಲಿ ನಾಲ್ಕು ಆವರ್ತವೂ ಇರಬಹುದು, ಎಂಟೂ ಇರಬಹುದು. ಅಳತೆಯ ಹೆಸರನ್ನು ವಸ್ತುವಿಗೇ ಕೊಟ್ಟರೆ, ಸೇರು ಅಂದರೆ ಅಕ್ಕಿ ಅಂದಹಾಗೆ ಆಗುತ್ತದೆ. ‘ಸುತ್ತು’ ಅಂದರೆ ಈ ಗೋಜಿಲ್ಲ. “ನಾಲ್ಕು ಆವರ್ತದ ಸುತ್ತು ಹಾಕು” ಅಂದರೆ ಹುಡುಗರಿಗೂ ತಿಳಿಯಿತು, ಮದ್ದಲೆಯವರಿಗೂ ತಿಳಿಯಿತು.

ಓವರ್‌ಡಬ್‌ಗೆ, ಅಂದರೆ ಹಿಡಿದಿಟ್ಟ ದನಿಯ ಮೇಲೆ ಇನ್ನೊಂದನ್ನು ನುಡಿಸಿ ಸೇರಿಸುವುದಕ್ಕೆ, ‘ಪೇರಿಸು’ ಅಂತ ಬರೆದುಕೊಟ್ಟಿದ್ದೇನೆ. ‘ಡಬ್ಬಿಂಗ್’ ಅಂದರೆ ನಮಗೆ ಸಿನಿಮಾ ಮಾತೇ ನೆನಪಾಗುವುದು, ಅದರ ಸಹವಾಸ ಇಲ್ಲಿ ಬೇಡ. ಒಂದು ಸುತ್ತಿನ ಮೇಲೆ ಇನ್ನೊಂದು ಪೇರಿಸು, ಮೂಟೆ ಪೇರಿಸಿದ ಹಾಗೆ. ಪೆಡಲ್ ಪೆಡಲ್ಲಾಗಿಯೇ ಇರಲಿ. ಸೈಕಲ್ ತುಳಿದಂತೆ ಅದನ್ನೂ ತುಳಿಯುತ್ತೇವೆ, ಕ್ರಿಯಾಪದ ಆಗಲೇ ನಮ್ಮದು.

ಯಾವುದು ಕೊಂಡಿರಿ ಅಂತ ಕೇಳುವವರಿಗೆ: ಇನ್ನೂ ಕೊಂಡಿಲ್ಲ, ಆದರೆ ಲೂಪರೇ ಅಂತ ತೀರ್ಮಾನವಾಗಿದೆ. ಡ್ರಮ್ಸ್ ಬಾರಿಸಲು ಆಳೇ ಇರುವಾಗ ತಾಳ ತುಂಬಿಟ್ಟ ದುಬಾರಿ ಪೆಡಲ್ ಸುಮ್ನೆ ಖರ್ಚು. ಟಿಸಿ ಎಲೆಕ್ಟ್ರಾನಿಕ್ ಕಂಪನಿಯ ಡಿಟ್ಟೊ ಎಂಬ ಲೂಪರ್ 5 ನಿಮಿಷ ಹಿಡಿಯುತ್ತದೆ, ಆರ್‌ಸಿ-1 12 ನಿಮಿಷ. ಇಬ್ಬರ ಹಾಡಿಗೆ ಎರಡೂ ಧಾರಾಳ. ಡಿಟ್ಟೊ ನಿಲ್ಲಿಸಲು ಬೇಗ ಬೇಗ ಎರಡು ಸಲ ತುಳಿಯಬೇಕು. ಆರ್‌ಸಿ-1ಕ್ಕಾದರೆ ನಿಲ್ಲಿಸುವುದಕ್ಕೇ ಬೇರೆ ಸ್ವಿಚ್ ಜೋಡಿಸಬಹುದು, ಹಾಗಾಗಿ ನನ್ನ ಒಲವು ಅದರ ಕಡೆ. ಉಳಿದ ದುಡ್ಡಲ್ಲಿ ಡ್ರಮ್ಸಿನವನ ಕಿವಿಗೆ ಲೂಪ್ ಸರಿಯಾಗಿ ಕೇಳುವ ಹಾಗೆ ಒಂದು ಸ್ಪೀಕರ್ ತಂದರೆ ಹೆಚ್ಚು ಉಪಯೋಗ.

ಒಂದು ಗೊಂದಲ ಮಾತ್ರ ಉಳಿದಿದೆ. “ನಾಲ್ಕು ಸುತ್ತು” ಅಂದರೆ ಒಂದೇ ಲೂಪ್ ನಾಲ್ಕು ಸಲ ಬರುವುದೋ, ನಾಲ್ಕು ಬೇರೆ ಬೇರೆ ಲೂಪುಗಳೋ? ಮೊನ್ನೆ ಇದರಿಂದಲೇ ಒಬ್ಬ ನಿಲ್ಲಿಸಿದ, ಇನ್ನೊಬ್ಬ ಮುಂದುವರಿಸಿದ. ಸಲಕ್ಕೆ ಒಂದು ಪದ, ವಸ್ತುವಿಗೆ ಒಂದು ಪದ ಬೇಕು. ಅಂಕೋಲಾ, ಕಾರವಾರ ಕಡೆಯವರು ಯಾರಾದರೂ ಹಾಲಕ್ಕಿ ಒಕ್ಕಲಿಗರು ಗುಮಟೆ ವಾದ್ಯ ಬಾರಿಸುತ್ತಾ ಹಾಡುವ ಗುಮಟೆ ಪಾಂಗ್ ಹತ್ತಿರದಿಂದ ಕೇಳಿದ್ದೀರಾ? ಬಾರಿಸಿದ್ದನ್ನೇ ಮತ್ತೆ ಮೊದಲಿನಿಂದ ಹಿಡಿಯುವುದಕ್ಕೆ ಅವರಲ್ಲಿ ಏನನ್ನುತ್ತಾರೆ?