ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನಿಜವಾಗಿ ಎಷ್ಟು ಗಂಟೆಗಳ ಪ್ರಯಾಣ?

ಪ್ರಶ್ನೆ:
ಮಾನ್ಯರೇ, ಮಗಳ ಬಾಣಂತನಕ್ಕೆಂದು ನಾನೂ ನನ್ನ ಪತ್ನಿಯೂ ಜನವರಿಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನದಲ್ಲಿ ಹೊರಟಿದ್ದೇವೆ. ಟಿಕೆಟಿನಲ್ಲಿ ಮಧ್ಯಾಹ್ನ 2.30ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ತಲುಪುವುದಾಗಿ ಇದೆ. ಫೆಬ್ರವರಿ ಕೊನೆಯಲ್ಲಿ ಹಿಂದಿರುಗುವಾಗ ಶನಿವಾರ ರಾತ್ರಿ 8.30ಕ್ಕೆ ಹೊರಟರೆ ಸೋಮವಾರ ಬೆಳಗಿನ ಜಾವ 3.45ಕ್ಕೆ ಬೆಂಗಳೂರು. ಪತ್ನಿಯವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬೆಳಿಗ್ಗೆ 8ಕ್ಕೆ ಮತ್ತು ರಾತ್ರಿ 8ಕ್ಕೆ ತೆಗೆದುಕೊಳ್ಳುವುದರಿಂದ, ವಿಮಾನದಲ್ಲಿ ನಿಜವಾಗಿ ಎಷ್ಟು ಹೊತ್ತು ಇರುತ್ತೇವೆಂದು ತಿಳಿಯಬೇಕಾಗಿದೆ.

ಉತ್ತರ 1:
ಟಿಕೆಟಿನಲ್ಲಿ ಆಯಾ ಊರಿನ ಗಡಿಯಾರದ ಸಮಯವನ್ನೇ ನಮೂದಿಸುತ್ತಾರೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ 13 ಗಂಟೆ 30 ನಿಮಿಷ ಹಿಂದಿರುತ್ತದೆ. ಹೋಗುವಾಗ ಕಾಣುವ ಎರಡೂವರೆ ಗಂಟೆಗೆ ಇದನ್ನು ಕೂಡಿದರೆ 16 ಗಂಟೆ. ಬರುವಾಗ ಕಾಣುವ 31 ಗಂಟೆ 15 ನಿಮಿಷದಿಂದ ಇದನ್ನೇ ಕಳೆದರೆ 17 ಗಂಟೆ 45 ನಿಮಿಷ. ಹಿಂದಿರುಗುವ ದಿನವನ್ನೇನಾದರೂ ಮಾರ್ಚ್ ತಿಂಗಳ ಎರಡನೆಯ ಭಾನುವಾರದ ನಂತರಕ್ಕೆ ಮುಂದೂಡಿದರೆ, ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ, 12 ಗಂಟೆ 30 ನಿಮಿಷ ಕಳೆಯಬೇಕಾಗುತ್ತದೆ.

ಉತ್ತರ 2:
ಹೋಗಿಬರುವ ಸಮಯದಲ್ಲಿ ಇಷ್ಟು ವ್ಯತ್ಯಾಸವೇಕೆ ಎಂಬುದನ್ನೂ ಹೇಳಬೇಕು. ಎರಡೂ ನಿಲ್ದಾಣಗಳ ನಡುವಿನ ಅತಿ ಹತ್ತಿರದ ದೂರ ಸುಮಾರು 14,000 ಕಿ.ಮೀ. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಪೆಸಿಫಿಕ್ ಸಾಗರದ ಮೇಲೆ ಗೆರೆ ಎಳೆದರೆ ಅದೇ ಹತ್ತಿರದ ದಾರಿ ಎನಿಸುತ್ತದೆ, ಆದರೆ ಆ ದಾರಿ 2,000 ಕಿ.ಮೀ.ಗೂ ಹೆಚ್ಚು ಸುತ್ತು. ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಭೂಗೋಳದ ಮಾದರಿಯ ಮೇಲೆ ಎರಡೂ ಊರುಗಳಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಲು ಮಕ್ಕಳಿಗೆ ಹೇಳುತ್ತಿದ್ದೆ. ದಾರ ತಾನಾಗಿಯೇ ಉತ್ತರಕ್ಕೆ ಜಾರಿ ಚೀನಾ, ಸೈಬೀರಿಯ, ಅಲಾಸ್ಕಗಳ ಮೇಲೆ ಹಾದು ನಿಲ್ಲುತ್ತಿತ್ತು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಂದ ಏರ್ ಇಂಡಿಯಾದ ಮೊದಲ ನೇರ ವಿಮಾನವಂತೂ ಉತ್ತರ ಧ್ರುವದ ಮೇಲೆಯೇ ಹಾದುಬಂದಿತ್ತು.

ಆದರೂ ವಿಮಾನಗಳು ಸದಾ ಅತಿ ಹತ್ತಿರದ ದಾರಿಯನ್ನೇ ಹಿಡಿಯುವುದಿಲ್ಲ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಚಳಿಗಾಲದಲ್ಲಿ ಇನ್ನಷ್ಟು ಬಲವಾಗಿರುತ್ತದೆ. ಪೂರ್ವದಿಕ್ಕಿಗೆ ಹಾರುತ್ತ ಅಮೆರಿಕಕ್ಕೆ ಹೋಗುವಾಗ ಆ ಗಾಳಿ ಬೆನ್ನಿಗಿರುತ್ತದೆಂದು ದೂರ ಹೆಚ್ಚಾದರೂ ಪೆಸಿಫಿಕ್ ಕಡೆಗೆ ಬಾಗುವುದುಂಟು. ಹಿಂದಿರುಗುವಾಗ ಅದೇ ಗಾಳಿ ಎದುರಾಗುವುದರಿಂದ ಹೆಚ್ಚು ಹೊತ್ತು ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಅನಂತ ವಂದನೆಗಳು. ಹಾಗಾದರೆ ಮಾತ್ರೆಯ ಲೆಕ್ಕ ಹೇಗೆ?

ಉತ್ತರ 1:
ಅಲ್ಲಿಯ ಸಮಯಕ್ಕೆ ಮಾತ್ರೆಯನ್ನು ಹೇಗೆ ಹೊಂದಿಸಿಕೊಳ್ಳಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಪ್ರಯಾಣದಲ್ಲಿ ಮಾತ್ರ ಒಂದು ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಬಿಡಿ. ರಾತ್ರಿ 8ರ ಮಾತ್ರೆಯ ಹೊತ್ತು ವಿಮಾನ ಹೊರಟ ಐದೂವರೆ ಗಂಟೆಗೆ ಬರುತ್ತದೆ. ಮರುದಿನ ಬೆಳಿಗ್ಗೆ 8 ಎಂದರೆ ಅಲ್ಲಿ ಸಂಜೆ 6.30, ಆಗ ನೀವಿನ್ನೂ ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲೇ ನಿಂತಿರಬಹುದಾದ್ದರಿಂದ, ಮಾತ್ರೆಯ ಡಬ್ಬಿಯನ್ನೂ ತಿನ್ನಲು ಸ್ವಲ್ಪ ಏನನ್ನಾದರೂ ಕೈಚೀಲದಲ್ಲೇ ಇರಿಸಿಕೊಳ್ಳಿ, ದೊಡ್ಡ ಸೂಟ್‌ಕೇಸಿನಲ್ಲಿ ಹಾಕಬೇಡಿ.